ಅಣಬೆ ರೋಗದ ಗ್ಯಾನೊಡರ್ಮಾ ಮತ್ತು ಚೀನಾದ ಲಿಂಗ್‌ಜಿ: ಗುರುತಿನ ಪ್ರಶ್ನೆ

ಮೈಸೂರಿನ ವಿಜಯನಗರದಂಥ ಬಡಾವಣೆಗಳಲ್ಲಿ ಸಾಮಾನ್ಯವಾದ ಹೊಂಗೆ, ಗುಲ್‌ಮೊಹರ್ ಮರಗಳು ಗ್ಯಾನೊಡರ್ಮಾ ಕುಲದ ಶಿಲೀಂಧ್ರಕ್ಕೆ ಆಸರೆಯಾಗುವ ಮರಗಳು. ಮೆರುಗೆಣ್ಣೆ ಬಳಿದಂತೆ ಹೊಳೆಯುವ ಅದರ ಕಂದುಗೆಂಪು ಅಣಬೆ ಮರದ ಬುಡಕ್ಕೆ ಅಂಟಿಕೊಂಡು ಮೂಡುತ್ತದೆ. ಅಡಿಕೆ, ತೆಂಗಿನ ತೋಟಗಳಲ್ಲಿ ಇದೇ ಕುಲ ಬೇರನ್ನೂ ಕಾಂಡದ ಬುಡವನ್ನೂ ಕೊಳೆಸುತ್ತದೆ. ಗರಿಗಳು ಹಳದಿಯಾಗಿ ಜೋತುಬೀಳುತ್ತವೆ, ಕಾಂಡದಿಂದ ಕಂದು ರಸ ಸೋರುತ್ತದೆ, ಬುಡದಲ್ಲಿ ಅಣಬೆ ಕಾಣಿಸಿಕೊಳ್ಳುವ ಹೊತ್ತಿಗೆ ಮರ ಉಳಿಯುವ ಆಸೆ ಕಡಿಮೆ. ಬೆಳೆಗಾರರ ಬಾಯಲ್ಲಿ ಇದು ಅಣಬೆ ರೋಗ. ಚೀನೀ ವೈದ್ಯಪದ್ಧತಿ ದೀರ್ಘಾಯುಸ್ಸಿನ ಮದ್ದೆಂದು ಗೌರವಿಸುವ ಲಿಂಗ್‌ಜಿಯೂ ಈ ಕುಲದ್ದೇ. ಎರಡನ್ನೂ ಬಹುಕಾಲ ಗ್ಯಾನೊಡರ್ಮಾ ಲ್ಯೂಸಿಡಮ್ ಎಂಬ ಒಂದೇ ಹೆಸರಿನಲ್ಲಿ ದಾಖಲಿಸಿದ್ದರಿಂದ, ನಮ್ಮ ಮರದ ಬುಡದ ಅಣಬೆಗೂ ಲಿಂಗ್‌ಜಿಯ ಗುಣಗಳನ್ನೆಲ್ಲ ಆರೋಪಿಸುವುದು ಸುಲಭವಾಗಿಬಿಟ್ಟಿದೆ. ಈ ವರ್ಗಾವಣೆಗೆ ಆಧಾರವಿಲ್ಲ, ಕರ್ನಾಟಕದ ಗ್ಯಾನೊಡರ್ಮಾವನ್ನು ಅದರದೇ ಗುರುತಿನಿಂದ ಅಧ್ಯಯನ ಮಾಡಬೇಕು ಎಂಬುದು ನನ್ನ ವಾದ.

ಲ್ಯೂಸಿಡಮ್ ಎಂಬ ಪ್ರಭೇದವನ್ನು 1781ರಲ್ಲಿ ವಿಲಿಯಂ ಕರ್ಟಿಸ್ ವಿವರಿಸಿದ್ದು ಇಂಗ್ಲೆಂಡಿನ ಮಾದರಿಯಿಂದ. ಫಿನ್‌ಲೆಂಡಿನ ಕಾರ್ಸ್ಟೆನ್ ಗ್ಯಾನೊಡರ್ಮಾ ಕುಲವನ್ನು ಸ್ಥಾಪಿಸಿದ್ದು 1881ರಲ್ಲಿ. ಆಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಹೊಳಪಿನ ಗ್ಯಾನೊಡರ್ಮಾ ಕಂಡರೂ ಅದಕ್ಕೆ ಈ ಹೆಸರೇ ಬಿತ್ತು. ಎಸ್. ವಿ. ವೆಂಕಟರಾಯನ್ ಅವರು 1936ರಲ್ಲಿ ಅಡಿಕೆ ಮತ್ತು ತೆಂಗಿನ ಮೇಲಿನ ಈ ಶಿಲೀಂಧ್ರದ ಜೀವನಕ್ರಮ ಕುರಿತು ಪ್ರಕಟಿಸಿದ ಮಹತ್ವದ ಅಧ್ಯಯನವೂ ಇದೇ ಹೆಸರನ್ನು ಬಳಸಿತು. ಆ ಕಾಲಕ್ಕೆ ಕೈಗೆಟುಕುತ್ತಿದ್ದ ಸಾಧನಗಳು ಆಕಾರ, ಬಣ್ಣ, ಬೀಜಾಣುವಿನ ಅಳತೆ ಮಾತ್ರ. ಆ ಪರಿಶ್ರಮದ ಬೆಲೆ ಇದರಿಂದ ಕುಗ್ಗುವುದಿಲ್ಲ. ಆದರೆ ಗ್ಯಾನೊಡರ್ಮಾದ ಆಕಾರ, ಬಣ್ಣ ಎರಡೂ ಬೆಳಕು, ಗಾಳಿ, ವಯಸ್ಸಿನೊಂದಿಗೆ ಬದಲಾಗುತ್ತವೆ. ಡಿಎನ್‌ಎ ಅನುಕ್ರಮದ ಹೋಲಿಕೆ ಬಂದ ಮೇಲೆ ಚೀನಾದಲ್ಲಿ ಬೆಳೆಸುವ ಲಿಂಗ್‌ಜಿ ಯೂರೋಪಿನ ಲ್ಯೂಸಿಡಮ್ ಅಲ್ಲವೆಂದು ಸ್ಪಷ್ಟವಾಯಿತು. 2012ರಲ್ಲಿ ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಜಿ ಎಂಬ ಹೆಸರನ್ನೇ ಕೊಡಲಾಯಿತು. 1983ರ ಸಿಚುವಾನೆನ್ಸ್ ಎಂಬ ಹೆಸರಿಗೆ ಆದ್ಯತೆ ಸಲ್ಲಬೇಕೆನ್ನುವವರೂ ಇದ್ದಾರೆ. ಅದು ಯೂರೋಪಿನ ಪ್ರಭೇದವಲ್ಲ ಎಂಬಲ್ಲಿ ಮಾತ್ರ ಇಬ್ಬರಿಗೂ ಭಿನ್ನಮತವಿಲ್ಲ. ತವರಿನ ಲಿಂಗ್‌ಜಿಗೇ ಹೊಂದದ ಹೆಸರನ್ನು ತಿಪಟೂರಿನ ತೆಂಗಿಗೋ ಮಲೆನಾಡಿನ ಅಡಿಕೆಗೋ ಹತ್ತಿದ ಅಣಬೆಯ ಮದ್ದಿನ ಗುಣಕ್ಕೆ ಸಾಕ್ಷಿಯಾಗಿಸಲು ಹೇಗೆ ಸಾಧ್ಯ?

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಸಾವಿರಾರು ವರ್ಷಗಳ ಬಳಕೆಯೇ ಪ್ರಮಾಣವಲ್ಲವೇ ಎಂಬುದು ಮೊದಲನೆಯದು. ಆದರೆ ಚೀನಾದ ಪ್ರಾಚೀನ ಔಷಧಗ್ರಂಥ ಶೆನ್ನಾಂಗ್ ಬೆನ್ಸಾವೊ ಜಿಂಗ್ ಹೇಳುವುದು ಬಣ್ಣದಿಂದ ಬೇರ್ಪಡಿಸಿದ, ಜಿ ಎಂಬ ಆರು ಬಗೆಯ ಅಣಬೆಗಳನ್ನು. ಅವೆಲ್ಲ ಇಂದಿನ ಯಾವ ಪ್ರಭೇದಗಳೆಂದು ಬಣ್ಣವೊಂದರಿಂದಲೇ ತೀರ್ಮಾನಿಸಲಾಗದು. ಆ ಪರಂಪರೆ ಗೌರವಾರ್ಹ. ಅದು ಮೈಸೂರಿನ ಹೊಂಗೆಯ ಬುಡದ ಅಣಬೆಯನ್ನು ಪರೀಕ್ಷಿಸಿಲ್ಲ ಎಂಬುದೂ ಅಷ್ಟೇ ನಿಜ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಔಷಧಗುಣಕ್ಕೆ ಕಾರಣವೆನ್ನುವ ಬೀಟಾ ಗ್ಲೂಕನ್‌ಗಳೂ ಟ್ರೈಟರ್ಪೀನ್‌ಗಳೂ ಇಡೀ ಕುಲದಲ್ಲಿ ಸಿಗುತ್ತವೆಯಲ್ಲ, ಪ್ರಭೇದ ಯಾವುದಾದರೇನು? ಬೀಟಾ ಗ್ಲೂಕನ್ ನಾವು ಸಾರಿಗೆ ಹಾಕುವ ಅಣಬೆಗಳಲ್ಲೂ ಇದೆ, ಆದ್ದರಿಂದ ಅದು ಗ್ಯಾನೊಡರ್ಮಾದ ವಿಶೇಷವೇ ಅಲ್ಲ. ಗ್ಯಾನೊಡೆರಿಕ್ ಆಮ್ಲಗಳಂಥ ಟ್ರೈಟರ್ಪೀನ್‌ಗಳ ಬಗೆಯೂ ಪ್ರಮಾಣವೂ ಪ್ರಭೇದ, ತಳಿ, ಬೆಳೆದ ಆಧಾರ, ಅಣಬೆಯ ವಯಸ್ಸನ್ನು ಅವಲಂಬಿಸಿ ಬದಲಾಗುತ್ತವೆ. ಲ್ಯೂಸಿಡಮ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮಾರಾಟವಾಗುವ 19 ಉತ್ಪನ್ನಗಳನ್ನು ಪರಿಶೀಲಿಸಿದ 2017ರ ಅಧ್ಯಯನವೊಂದರಲ್ಲಿ ಲೇಬಲ್ಲಿಗೆ ತಕ್ಕಂತೆ ಇದ್ದದ್ದು 5 ಮಾತ್ರ. ಪೊಟ್ಟಣ ಕಟ್ಟಿ ಮಾರುವ ಸರಕಿನ ಪಾಡೇ ಇದಾದರೆ, ಗುರುತಿಸದೆ ಕಿತ್ತು ತಂದ ಅಣಬೆಯ ಬಗ್ಗೆ ಖಚಿತವಾಗಿ ಏನು ಹೇಳಬಹುದು?

ಗುರುತು ಸರಿಯಿದ್ದಲ್ಲೂ ಚಿಕಿತ್ಸೆಯ ಸಾಕ್ಷ್ಯ ಜನಪ್ರಿಯ ನಂಬಿಕೆಗಿಂತ ಬಹಳ ತೆಳುವು. ಕ್ಯಾನ್ಸರಿಗೆ ಗ್ಯಾನೊಡರ್ಮಾ ಬಳಸುವ ಕುರಿತು, ಲಭ್ಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕೊಕ್ರೇನ್ ವಿಮರ್ಶೆಗೆ ಸಿಕ್ಕಿದ್ದು 373 ಮಂದಿಯ 5 ಪ್ರಯೋಗಗಳು. ಕಿಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಯ ಜೊತೆಗೆ ಕೊಟ್ಟಾಗ ಪ್ರತಿಕ್ರಿಯೆ ಸ್ವಲ್ಪ ಉತ್ತಮವಾಗಿರಬಹುದು, ಅದನ್ನೇ ಮೊದಲ ಮದ್ದಾಗಿ ಕೊಡಲು ಆಧಾರ ಸಾಲದು ಎಂದು ಅದು ತೀರ್ಮಾನಿಸಿತು. ಟೈಪ್ 2 ಮಧುಮೇಹಿಗಳ ಹೃದ್ರೋಗದ ಅಪಾಯಕಾರಿ ಅಂಶಗಳ ಬಗ್ಗೆ 2015ರ ಇನ್ನೊಂದು ಕೊಕ್ರೇನ್ ವಿಮರ್ಶೆಯೂ ಅದರ ಬಳಕೆಯನ್ನು ಸಮರ್ಥಿಸಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ನಷ್ಟವಾಗುವುದು ರೋಗಿಯ ಹಣ ಮಾತ್ರವಲ್ಲ, ಚಿಕಿತ್ಸೆಗೆ ಸಿಗುವ ಸಮಯವೂ ಹೌದು. ಅಲ್ಲದೆ ಅಣಬೆಗಳು ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಹೀರಿಕೊಳ್ಳುವುದರಿಂದ ವಾಹನ ಓಡಾಡುವ ರಸ್ತೆಯ ಅಂಚಿನ ಮಾದರಿ ಕಷಾಯಕ್ಕೆ ಸಲ್ಲದು.

ಹಾಗೆಂದು ಸ್ಥಳೀಯ ಅಣಬೆಗಳಲ್ಲಿ ಔಷಧದ ಸಾಧ್ಯತೆಯೇ ಇಲ್ಲವೆನ್ನುವುದು ನನ್ನ ನಿಲುವಲ್ಲ. ಹಲಸಿನ ಮರದ ಮೇಲೆ ಬೆಳೆಯುವ ಫೆಲಿನಸ್ ಕುಲದ ಗಟ್ಟಿ ಅಣಬೆಯನ್ನು ಪಶ್ಚಿಮ ಘಟ್ಟದ ಮರಾಠಿ, ಕೊಂಕಣಿ ಸೀಮೆಯಲ್ಲಿ ಫಣಸೋಂಬ ಎನ್ನುತ್ತಾರೆ. ಅದನ್ನು ತೇಯ್ದು, ಜೊಲ್ಲು ಹೆಚ್ಚು ಸುರಿಸುವ ಮಕ್ಕಳ ವಸಡಿಗೆ ಹಚ್ಚುವ ಬಳಕೆ ದಾಖಲಾಗಿದೆ. ಯಾವ ಮರ, ಯಾವ ಅಣಬೆ, ಯಾವ ತೊಂದರೆಗೆ, ಹೇಗೆ ಎಂಬ ನಾಲ್ಕೂ ಅಲ್ಲಿ ತಿಳಿದಿರುವುದರಿಂದ ಸಂಶೋಧಕ ಅದನ್ನು ಪರೀಕ್ಷೆಗೆ ಒಡ್ಡಬಲ್ಲ. ನಮ್ಮ ಗ್ಯಾನೊಡರ್ಮಾಕ್ಕೂ ಅಷ್ಟು ಆಗಬೇಕು. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಸಸ್ಯಶಾಸ್ತ್ರಜ್ಞರೂ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಕೂಡಿ ಮೈಸೂರಿನ ಬೀದಿಮರಗಳಿಂದ, ಅಡಿಕೆ ತೆಂಗಿನ ತೋಟಗಳಿಂದ ಮಾದರಿ ಸಂಗ್ರಹಿಸಿ, ಮರದ ಹೆಸರು, ಸ್ಥಳ, ದಿನಾಂಕದೊಂದಿಗೆ ಹರ್ಬೇರಿಯಮ್ಮಿನಲ್ಲಿಟ್ಟು, ಡಿಎನ್‌ಎ ಅನುಕ್ರಮವನ್ನು ಪ್ರಕಟಿಸಲಿ. ಅಲ್ಲಿಯವರೆಗೆ ಇಂಥ ಮಾದರಿಯ ಆಧಾರವಿಲ್ಲದೆ ಗ್ಯಾನೊಡರ್ಮಾ ಲ್ಯೂಸಿಡಮ್‌ನ ಔಷಧಗುಣವನ್ನು ವರದಿ ಮಾಡುವ ಪ್ರಬಂಧಗಳನ್ನು ನಮ್ಮ ಸಂಶೋಧನಾ ಪತ್ರಿಕೆಗಳು ಸ್ವೀಕರಿಸಬಾರದು.