ಕೋಬಾಲ್ ಭಾಷೆಯಲ್ಲಿ ಕೋಷ್ಟಕದ ಪರಿಕಲ್ಪನೆ

ವಾಣಿಜ್ಯ ವ್ಯವಹಾರಗಳಿಗೆಂದು ೧೯೫೯ರಲ್ಲಿ ಅಮೆರಿಕದಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್, ಫೋರ್ಟ್ರಾನ್‌ನಂತಹ ವೈಜ್ಞಾನಿಕ ಭಾಷೆಗಳಲ್ಲಿ ‘ಅರೇ’ ಎನಿಸಿದ ದತ್ತಾಂಶಶ್ರೇಣಿಯನ್ನು ‘ಟೇಬಲ್’, ಅಂದರೆ ಕೋಷ್ಟಕ ಎಂದು ಕರೆಯಿತು. ಲೆಕ್ಕದ ಪುಸ್ತಕದಲ್ಲಿರುವಂತೆ ಇದರ ಒಂದೊಂದು ಸಾಲಿನಲ್ಲೂ ಹೆಸರು, ಮೊತ್ತ ಮುಂತಾದ ಭಿನ್ನ ಬಗೆಯ ವಿವರಗಳು ಒಟ್ಟಿಗಿರಬಹುದು. ಸಾಲುಗಳ ಎಣಿಕೆ ಒಂದರಿಂದ ಆರಂಭವಾಗುತ್ತದೆ. ಸಾಲುಗಳೆಷ್ಟೆಂಬುದನ್ನು ‘ಅಕರ್ಸ್’ ಎಂಬ ಪದವು ಮೊದಲೇ ಗೊತ್ತುಪಡಿಸುತ್ತದೆ. ೧೯೭೪ರ ಮಾನಕದಲ್ಲಿ ಮೂರಕ್ಕೆ ಸೀಮಿತವಾಗಿದ್ದ ಆಯಾಮಗಳು ೧೯೮೫ರ ಮಾನಕದಲ್ಲಿ ಏಳಕ್ಕೇರಿದವು.

ಆದರೆ ಅನೇಕ ಕಂಪೈಲರ್‌ಗಳು ಮಿತಿಯ ತಪಾಸಣೆಯನ್ನು ಐಚ್ಛಿಕವಾಗಿರಿಸಿದವು. ತಪಾಸಣೆಯಿಲ್ಲದಾಗ, ಹನ್ನೆರಡು ತಿಂಗಳ ಸಂಬಳದ ಕೋಷ್ಟಕಕ್ಕೆ ಹದಿಮೂರನೆಯ ನಮೂದನ್ನು ಬರೆದರೆ, ಅದು ಯಾವ ಎಚ್ಚರಿಕೆಯೂ ಇಲ್ಲದೆ ಸ್ಮೃತಿಯಲ್ಲಿನ ನೆರೆಯ ದತ್ತಾಂಶವನ್ನು ಅಳಿಸಿಬಿಡಬಲ್ಲದು. ಲೆಕ್ಕ ತಪ್ಪಿದರೂ ಕಾರ್ಯಕ್ರಮ ನಿಲ್ಲದಿರಬಹುದು. ಹೀಗೆ ಕೋಷ್ಟಕದ ಗಾತ್ರವನ್ನು ನಿರ್ಧರಿಸುವ ಕಾರ್ಯವು ಲೆಕ್ಕದ ವಿಶ್ವಾಸಾರ್ಹತೆಯನ್ನೇ ಕಾಯುವ ಹೊಣೆಯಾಯಿತು.