ಚಿನ್ನ ಮುಗಿದ ಮೇಲೂ ಉಳಿದ ಹಳಿ

ರೈಲ್ವೆಯ ಇತಿಹಾಸವೆಂದರೆ ನಾವು ಸಾಮಾನ್ಯವಾಗಿ ಮಹಾನಗರಗಳನ್ನು ಬೆಸೆದ ಉದ್ದನೆಯ ಹಾದಿಗಳನ್ನೇ ನೆನೆಯುತ್ತೇವೆ. ಆದರೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕೇವಲ 16 ಕಿ.ಮೀ. ಹಳಿ ಒಂದು ಇಡೀ ಊರಿನ ಏಳುಬೀಳುಗಳ ಕಥೆ ಹೇಳುತ್ತದೆ.

ಬೆಂಗಳೂರು-ಜೋಲಾರಪೇಟೆ ಮಾರ್ಗ 1864ರಲ್ಲಿ ತೆರೆಯಿತು. ಬಂಗಾರಪೇಟೆಗೆ ಆಗ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ನೆನಪಿಗೆ ಬೌರಿಂಗ್‌ಪೇಟೆ ಎಂಬ ಹೆಸರು ಬಂತು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಗಣಿಗಾರಿಕೆಗೆ ಕೈಹಾಕಿತು. ಆಳಕ್ಕಿಳಿದಷ್ಟೂ ಭಾರೀ ಯಂತ್ರಗಳು, ಕಲ್ಲಿದ್ದಲು, ಮರದ ದಿಮ್ಮಿಗಳು ಬೇಕಾದವು. ಎತ್ತಿನ ಗಾಡಿಗೆ ಎಳೆಯಲಾಗದ ಹೊರೆಯದು. 1894ರಲ್ಲಿ ಮೈಸೂರು ಸರಕಾರದ ಈ ಕವಲು ಮಾರ್ಗ ಆರಂಭವಾಯಿತು. ಮುಖ್ಯ ಮಾರ್ಗದಂತೆ ಇದೂ ಬ್ರಾಡ್‌ಗೇಜ್ ಆದ್ದರಿಂದ ಸರಕನ್ನು ನಡುವೆ ಇಳಿಸಿ ಏರಿಸುವ ಗೋಜಿರಲಿಲ್ಲ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳಲ್ಲಿ ಇಂದಿಗೂ ಗಣಿಗಳ ನೆನಪಿದೆ.

ಗಣಿಗಳ ಚಿನ್ನ ಲಂಡನ್ ಸೇರಿತು. ಅದನ್ನು ತೆಗೆದವರು ಯಾರು? ಉತ್ತರ ಆರ್ಕಾಟ್, ಚಿತ್ತೂರು ಮುಂತಾದ ಕಡೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಬಡವರು. ಅವರಲ್ಲಿ ಬಹುಪಾಲು ದಲಿತರು. ಮೂರು ಕಿ.ಮೀ. ಆಳದವರೆಗೂ ಇಳಿದು ದುಡಿದ ಅವರ ಪಾಲಿಗೆ ಬಂದದ್ದು ಇಕ್ಕಟ್ಟಾದ ಲೈನ್ ಮನೆಗಳು ಮತ್ತು ಕಲ್ಲಿನ ಧೂಳು ತಂದ ಶ್ವಾಸಕೋಶದ ರೋಗ. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ 800 ಟನ್ನಿಗೂ ಹೆಚ್ಚಿನ ಚಿನ್ನವನ್ನು ತೂಗಿ ಬರೆದಿಟ್ಟಿದ್ದೇವೆ. ಆ ಧೂಳಿಗೆ ಬಲಿಯಾದ ಉಸಿರುಗಳನ್ನು ತೂಗಿದವರಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರಕಾರದ ವಶವಾದವು. 1962ರಲ್ಲಿ ಕೇಂದ್ರದ ಕೈಸೇರಿದವು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದವು. ಚಿನ್ನಕ್ಕಾಗಿ ಬಂದ ರೈಲು ಮಾತ್ರ ನಿಲ್ಲಲಿಲ್ಲ. ಅದರ ಹೊರೆ ಬದಲಾಯಿತು. ಒಂದು ಕಾಲಕ್ಕೆ ಹೊರ ಊರಿನವರನ್ನು ಕೆಲಸಕ್ಕೆ ಕರೆತಂದ ಹಳಿ ಈಗ ಈ ಊರಿನವರನ್ನೇ ನಸುಕಿನಲ್ಲಿ ಬೆಂಗಳೂರಿನ ಕೆಲಸಗಳಿಗೆ ಒಯ್ಯುತ್ತದೆ, ರಾತ್ರಿ ಮರಳಿ ತರುತ್ತದೆ. ಹಿಂದೂ, ಮುಸ್ಲಿಮ್, ಕ್ರೈಸ್ತರೆನ್ನದೆ ಎಲ್ಲರ ಬುತ್ತಿಯೂ ಅದೇ ಬೋಗಿಯಲ್ಲಿ ಬಿಚ್ಚಿಕೊಳ್ಳುತ್ತದೆ. ರೈಲು ತಡವಾದರೆ ಅರ್ಧ ದಿನದ ಕೂಲಿಯೇ ಹೋದೀತು.

ಭೂಮಿಯೊಳಗಿನ ಸಂಪತ್ತಿಗಾಗಿ 14 ವರ್ಷಗಳಲ್ಲೇ ಹಳಿ ತಂದ ವ್ಯವಸ್ಥೆಗೆ, ಭೂಮಿಯ ಮೇಲಿನ ಮನುಷ್ಯರಿಗೆ ಊರಲ್ಲೇ ಅನ್ನದ ದಾರಿ ಮಾಡಿಕೊಡಲು ಇನ್ನೆಷ್ಟು ವರ್ಷ ಬೇಕು? ಚಿನ್ನದಿಂದ ಲಾಭ ಪಡೆದವರೆಲ್ಲರೂ ಉತ್ತರಿಸಬೇಕಾದ ಪ್ರಶ್ನೆಯಿದು.