ಪಹಣಿ ಪುಸ್ತಕ ಮುಚ್ಚಿದ ಕಥೆ

ನಮ್ಮ ತಾತ ಪಹಣಿ ತರೋಕೆ ಅಂತ ಹೊರಟರೆ ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇವತ್ತಾದ್ರೂ ಸಿಗ್ತಾರೇನು ಅವ್ರು?"

'ಅವ್ರು' ಅಂದರೆ ಗ್ರಾಮ ಲೆಕ್ಕಿಗರು. ಒಬ್ಬರಿಗೆ ಮೂರ್ನಾಲ್ಕು ಹಳ್ಳಿ. ಇವತ್ತು ಒಂದೂರು, ನಾಳೆ ತಾಲ್ಲೂಕು ಆಫೀಸು. ಪಹಣಿ ಅಂದರೆ ಒಂದೇ ಒಂದು ಹಾಳೆ. ಯಾವ ಸರ್ವೆ ನಂಬರ್, ಎಷ್ಟು ಗುಂಟೆ, ಯಾರ ಹೆಸರು, ಏನು ಬೆಳೆ ಅನ್ನೋದೆಲ್ಲ ಅದರಲ್ಲೇ. ಅದಿಲ್ಲದಿದ್ದರೆ ಬ್ಯಾಂಕಿನಲ್ಲಿ ಬೆಳೆ ಸಾಲ ಹುಟ್ಟಲ್ಲ.

1960ರ ದಶಕದಲ್ಲಿ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋಗಿ, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಜನ ಬದಲಾದರು. ಆದರೆ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಬೇರೆ ಯಾರೂ ಅದನ್ನು ನೋಡುವಂತಿರಲಿಲ್ಲ. ಕೈಬಿಸಿ ಮಾಡಿದವರಿಗೆ ಬೇಗ, ಉಳಿದವರಿಗೆ ನಾಳೆ ಬಾ!

ಹಾಗಾದರೆ ಕಂಪ್ಯೂಟರ್ ತಂದರೆ ಆಯ್ತಲ್ಲ? ಎಂಜಿನಿಯರಿಂಗ್ ಓದಿದ ನಾನೂ ಹಾಗೇ ಅಂದುಕೊಂಡಿದ್ದೆ. ಕರ್ನಾಟಕದಲ್ಲಿ ಆ ಪ್ರಯತ್ನ 1990ರ ದಶಕದಲ್ಲೇ ನಡೆಯಿತು. ಕಂಪ್ಯೂಟರ್ ಬಂದು ಕೂತಿದ್ದು ಜಿಲ್ಲಾ ಕೇಂದ್ರದಲ್ಲಿ. ಪಹಣಿ ದಿನಾ ಬದಲಾಗುತ್ತಿದ್ದದ್ದು ಹಳ್ಳಿಯಲ್ಲಿ, ತಾಲ್ಲೂಕಿನಲ್ಲಿ. ಅತ್ತ ದಾಖಲೆ ಟೈಪ್ ಆಗುವಷ್ಟರಲ್ಲಿ ಇತ್ತ ಜಮೀನು ಇನ್ನೊಬ್ಬರ ಹೆಸರಿಗೆ ಹೋಗಿರುತ್ತಿತ್ತು. ಕೈಬರಹದ ಪಹಣಿ ಎಂದಿನಂತೆ ಚಲಾವಣೆಯಲ್ಲಿತ್ತು. ಯೋಜನೆ ಮಕಾಡೆ ಮಲಗಿತು.

ಆಮೇಲೆ ಬಂದದ್ದು 'ಭೂಮಿ'. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿ. ಕಂದಾಯ ಇಲಾಖೆಯಲ್ಲಿ ಯೋಜನೆಯ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಅವರೂ ಎಂಜಿನಿಯರಿಂಗ್ ಓದಿದವರೇ. 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, ಹತ್ತಿರ ಹತ್ತಿರ 2 ಕೋಟಿ ದಾಖಲೆ.

ಈ ಸಲ ಏನು ಬೇರೆ ಮಾಡಿದರು ಗೊತ್ತಾ? ಮೊದಲನೆಯದು, ಕಂಪ್ಯೂಟರನ್ನು ತಾಲ್ಲೂಕಿಗೇ ತಂದರು. ಎರಡನೆಯದು, ಒಂದು ತಾಲ್ಲೂಕಿನಲ್ಲಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿ ನಡೆಯದು ಅಂತ ಘೋಷಿಸಿದರು. ವಾಪಸ್ ಹೋಗುವ ದಾರಿಯೇ ಬಂದ್! ಮೂರನೆಯದು, ಖಾತೆ ಬದಲಾವಣೆಯ ಅರ್ಜಿಗೆ ಸರದಿ. ಮೊದಲು ಬಂದವರ ಅರ್ಜಿ ಮೊದಲು. ಬೇಕಾದವರದನ್ನು ಮೇಲೆ ಎಳೆಯೋಕೆ ಸಾಫ್ಟ್‌ವೇರ್ ಬಿಡಲ್ಲ. ಸಿಬ್ಬಂದಿ ಲಾಗಿನ್ ಆಗೋಕೆ ಬೆರಳಚ್ಚು. "ನಾನಲ್ಲ ಮಾಡಿದ್ದು" ಅನ್ನೋ ಹಾಗಿಲ್ಲ.

ನನಗೆ ತುಂಬಾ ಇಷ್ಟವಾಗೋದು ಇನ್ನೊಂದು ಸಣ್ಣ ಸಂಗತಿ. ಕೌಂಟರಿನಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೇ ಪರದೆ. ತನ್ನ ಹೆಸರು ಸರಿಯಾಗಿದೆಯಾ ಅಂತ ಅವನೇ ನೋಡಬಹುದಿತ್ತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು.

ಹಾಗಂತ ಲೆಕ್ಕಿಗರನ್ನು ಆಚೆ ತಳ್ಳಲಿಲ್ಲ. ಅಧಿಕಾರ ಹೋಗುತ್ತೆ, ಕೆಲಸವೂ ಹೋಗಬಹುದು ಅನ್ನೋ ಭಯ ಇದ್ದೇ ಇತ್ತು. ಹೊಸದಾಗಿ ಸೇರಿದ ಯುವ ಲೆಕ್ಕಿಗರಿಗೇ ತರಬೇತಿ ಕೊಟ್ಟು ಕಂಪ್ಯೂಟರ್ ಮುಂದೆ ಕೂರಿಸಿದರು. ಇಲಾಖೆಯ ದಾಖಲೆ ಇಲಾಖೆಯವರ ಕೈಯಲ್ಲೇ ಉಳಿಯಿತು. ಗುಟ್ಟು ಮಾತ್ರ ಉಳಿಯಲಿಲ್ಲ.

ಎಲ್ಲಾ ಸರಿಹೋಯ್ತಾ? ಇಲ್ಲ. ಹಳೇ ಪುಸ್ತಕದ ತಪ್ಪುಗಳು ಕಂಪ್ಯೂಟರಿಗೂ ಬಂದವು. ಹೆಸರಿನ ತಿದ್ದುಪಡಿಗೆ ಜನ ಇವತ್ತಿಗೂ ಅಲೆಯುತ್ತಾರೆ.

ಇನ್ನೊಂದು ತಪ್ಪೊಪ್ಪಿಗೆ. ನಾನು ಹಿಂದೆ ಕೆಲಸ ಮಾಡಿದ ಒಂದು ಸುದ್ದಿಮನೆಗೆ ಹೊಸ ಸಾಫ್ಟ್‌ವೇರ್ ಬಂತು. ಆರು ತಿಂಗಳಾದರೂ ನಾವು ಸ್ಕ್ರಿಪ್ಟ್ ಪ್ರಿಂಟ್ ತೆಗೆದು ಪೆನ್ನಲ್ಲೇ ತಿದ್ದುತ್ತಿದ್ದೆವು. ಎಲ್ಲರಿಗಿಂತ ಹಠ ಮಾಡಿದವನು ನಾನೇ, ಎಂಜಿನಿಯರ್! ಪ್ರಿಂಟರ್ ಎತ್ತಿಸಿದ ದಿನ ಸಿಟ್ಟು ಬಂತು. ಮರುದಿನ, ಇನ್ನೂ ಕಲಿಯುತ್ತಿದ್ದ ಹುಡುಗಿಯೊಬ್ಬಳು ಪಕ್ಕ ಕೂತು, "ಸರ್, ಇಲ್ಲಿ ಒತ್ತಿ" ಅಂತ ಹೇಳಿಕೊಟ್ಟಳು. ಪ್ರಿಂಟರ್ ಎತ್ತದಿದ್ದರೆ ನಾನು ಕಲಿಯುತ್ತಿರಲಿಲ್ಲ. ಅವಳು ಕೂರದಿದ್ದರೂ ಕಲಿಯುತ್ತಿರಲಿಲ್ಲ.

2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಅದೇ ಗ್ರಾಮ ಲೆಕ್ಕಿಗರು, ಮುಷ್ಕರಕ್ಕೆ ಕೂತರು. ಒಂದರ ಮೇಲೊಂದು ಆಪ್ ಹೇರುತ್ತೀರಿ, ಕೆಲಸಕ್ಕೆ ಬೇಕಾದ ಸೌಲಭ್ಯ ಕೊಡಲ್ಲ ಅನ್ನೋದು ಅವರ ದೂರು. ಇವರನ್ನೂ 'ಬದಲಾವಣೆಯ ವಿರೋಧಿಗಳು' ಅಂತ ಬೈದು ಸುಮ್ಮನಾಗೋದು ಸುಲಭ. ಹಳೇ ದಾರಿ ಮುಚ್ಚೋಕೆ ಒಂದು ಆದೇಶ ಸಾಕು. ಹೊಸ ದಾರಿಯಲ್ಲಿ ಪಕ್ಕ ಕೂತು ಹೇಳಿಕೊಡುವವರು ಯಾರು? ಅದನ್ನು ಸರ್ಕಾರವೂ ಕೇಳಿಕೊಳ್ಳಲಿ, ನಿಮ್ಮ ಆಫೀಸಿನ ಮ್ಯಾನೇಜರೂ ಕೇಳಿಕೊಳ್ಳಲಿ.